ಅತ್ತೆ ಎದ್ದ ಕಡೆ ಕತ್ತರಿ

ನನ್ನ ಗಂಡ ಮಾಡಿದ ಸಿನಿಮಾಗಳಲ್ಲಿ ಒಂದನ್ನು ಜನ ಇವತ್ತಿಗೂ ತಲೆಯ ಮೇಲೆ ಹೊತ್ತು ತಿರುಗುತ್ತಾರೆ. ಉಳಿದವನ್ನು ಮಾಡಿದವರೇ ಮರೆತಿದ್ದಾರೆ, ಆ ಮಾತು ಬೇಡ. ಈ ಒಂದನ್ನು ನೋಡಿದವರು ಬೀದಿಯಲ್ಲಿ ಅವರನ್ನು ತಡೆದು ನಿಲ್ಲಿಸಿ, ಕೈ ಹಿಡಿದುಕೊಂಡು, "ಏನು ಹದ ಸರ್ ನಿಮ್ದು! ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ" ಎನ್ನುತ್ತಾರೆ. ಆಗ ನನ್ನ ಗಂಡನ ಮುಖ ಕಹಿ ಔಷಧಿ ಕುಡಿದವರ ಹಾಗಾಗುತ್ತದೆ. ಯಾಕೆಂದರೆ ಅವರು ಚಿತ್ರೀಕರಿಸಿ ತಂದಿದ್ದರಲ್ಲಿ ಮಾತು ಬೇಕಾದ್ದಕ್ಕಿಂತ ಬೇಕಾದಷ್ಟು ಹೆಚ್ಚಿತ್ತು. ಅದನ್ನು ಕಡಿಮೆ ಮಾಡಿದವಳು ನಾನು. ಎಲ್ಲಿ ಕಡಿಮೆ ಮಾಡಬೇಕೆಂದು ತೋರಿಸಿಕೊಟ್ಟವರು ನಮ್ಮ ಅತ್ತೆ, ಅಂದರೆ ಅವರ ಹೆತ್ತ ತಾಯಿ.

ಮದುವೆಗೆ ಮುಂಚೆ ನಾನು ಸುದ್ದಿಚಿತ್ರ ತಯಾರಿಸುವ ಕಚೇರಿಯಲ್ಲಿ ಸಂಕಲನದ ಮೇಜಿಗೆ ಕೂತವಳು. ಬೆಳಗಾದರೆ ಸೇತುವೆ ಉದ್ಘಾಟನೆ, ಮಂತ್ರಿಗಳ ಭಾಷಣ. ಗಂಟೆಗಟ್ಟಲೆ ಕೊರೆದವರನ್ನು ನಿಮಿಷಕ್ಕೆ ಇಳಿಸಬೇಕು, ಇಳಿಸಿದ್ದು ಅವರಿಗೇ ಗೊತ್ತಾಗಬಾರದು. ಬೆಣ್ಣೆಯಿಂದ ಕೂದಲು ತೆಗೆದ ಹಾಗಿರಬೇಕು. ಆ ಕಚೇರಿಯಲ್ಲಿ ನನ್ನ ಕೈಗೆ ಸಮನಾದ ಕೈ ಇನ್ನೊಂದಿರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಜಂಬಕ್ಕೆ ಕಾರಣ ಇದ್ದವರು ಜಂಬಪಡಬೇಕು.

ಈ ಸಿನಿಮಾದ ಚಿತ್ರೀಕರಣ ಮುಗಿದಾಗ, ಸಂಕಲನಕ್ಕೆಂದು ಗೊತ್ತುಮಾಡಿದ್ದ ಮನುಷ್ಯ ನನ್ನ ಗಂಡನ ಜೊತೆ ಜಗಳವಾಡಿ ಮೊದಲ ವಾರವೇ ಎದ್ದುಹೋದ. ತಪ್ಪು ಅವನದಲ್ಲ. ನನ್ನ ಗಂಡನಿಗೆ ಕೋಪ ಮೂಗಿನ ತುದಿಯಲ್ಲಿ. ಹಾಗಾಗಿ ಮೇಜು ನಮ್ಮ ಮನೆಯ ಹಜಾರಕ್ಕೆ ಬಂತು. ಮೇಜಿನ ನಡುವೆ ಅಂಗೈ ಅಗಲದ ಪರದೆ, ಎರಡೂ ಕಡೆ ರೀಲು ಸುತ್ತುವ ತಟ್ಟೆ, ಪಕ್ಕದಲ್ಲಿ ನನ್ನ ಕತ್ತರಿ, ಅಂಟಿಸುವ ಟೇಪು. ಹಿಂದೆ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಅತ್ತೆ, ಅವರ ಕೈಯಲ್ಲಿ ಹೆಣಿಗೆ.

ನಮ್ಮತ್ತೆಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ. ಮಗ ಮಾಡಿದ್ದೆಂಬ ಮುಲಾಜೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕಟ್ಟಿದವರು ನಮ್ಮತ್ತೆಯನ್ನು ನೋಡಿರಲಿಲ್ಲ. ಕಥೆ ಮನಸ್ಸಿಗೆ ಹಿಡಿದರೆ ಅವರ ಹೆಣಿಗೆ ತಾನಾಗಿ ಮಡಿಲಿಗೆ ಬೀಳುತ್ತಿತ್ತು. ಬೇಸರ ಬಂದರೆ, "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಎದ್ದು ಹೋಗುತ್ತಿದ್ದರು. ಒಲೆಯ ಮೇಲೆ ಹಾಲೂ ಇರುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಗಮನಿಸಿದೆ, ಅವರು ಎದ್ದ ಜಾಗಕ್ಕೆ ಸರಿಯಾಗಿ ನನಗೂ ಆಕಳಿಕೆ ಬಂದಿರುತ್ತಿತ್ತು. ಅವತ್ತಿನಿಂದ ನಮ್ಮ ಕೆಲಸದ ಕ್ರಮ ಅದೇ ಆಯಿತು. ಅತ್ತೆ ಎದ್ದ ತಕ್ಷಣ ಮೇಜು ನಿಲ್ಲಿಸುವುದು, ಅಲ್ಲಿ ಗುರುತು ಹಾಕುವುದು, ಕತ್ತರಿ ಎತ್ತಿಕೊಳ್ಳುವುದು.

ನನ್ನ ಗಂಡ ಮನೆ ಹಾರಿಹೋಗುವ ಹಾಗೆ ಕೂಗಾಡಿದರು.

"ನಮ್ಮಮ್ಮನ ಮಂಡಿ ನೋಡ್ಕೊಂಡು ನನ್ನ ಸಿನಿಮಾ ಕತ್ತರಿಸ್ತೀಯೇನೆ ನೀನು?"

"ಮಂಡಿನೋವಿದ್ದೋರು ಸುಮ್ ಸುಮ್ನೆ ಏಳಲ್ಲ ಕಣ್ರೀ. ಎದ್ರು ಅಂದ್ರೆ ನೀವು ಅಷ್ಟು ಕೊರೆದಿದೀರಿ ಅಂತ ಅರ್ಥ."

ಕೊನೆಯ ದೃಶ್ಯಕ್ಕಂತೂ ಮಹಾಯುದ್ಧವೇ ಆಯಿತು. ಸಿಟ್ಟು ಮಾಡಿಕೊಂಡು ಮನೆ ಬಿಟ್ಟುಹೋದ ಮಗಳು ಬರುತ್ತಾಳೆಂದು ಅಪ್ಪ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತಾನೆ. ಬಸ್ಸು ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಅಪ್ಪನ ಮುಖ ಕಾಣುತ್ತದೆ. ನನ್ನ ಗಂಡ ಚಿತ್ರೀಕರಿಸಿದ್ದರಲ್ಲಿ ಆಮೇಲೆ ಮಗಳು ಇಳಿಯುತ್ತಾಳೆ, ಇಬ್ಬರೂ ನಿಂತು ಕ್ಷಮೆ ಕೇಳುತ್ತಾರೆ, ಅಳುತ್ತಾರೆ, ತಿರುಗಿ ಕ್ಷಮೆ ಕೇಳುತ್ತಾರೆ. ಅಪ್ಪನ ಮುಖ ಬಂದಾಗ ಅತ್ತೆಯ ಹೆಣಿಗೆ ಮಡಿಲಿಗೆ ಬಿದ್ದಿತ್ತು. ಮಗಳು ಬಾಯಿ ತೆರೆದಳೋ ಇಲ್ಲವೋ, ಅತ್ತೆ ಎದ್ದರು. ನಾನು ಅಪ್ಪನ ಮುಖದ ಮೇಲೆಯೇ ಸಿನಿಮಾ ಮುಗಿಸಿದೆ. ಮಗಳು ಬಂದಳೋ ಇಲ್ಲವೋ, ಆ ಮುಖ ನೋಡಿದವರು ಹೇಳಿಕೊಳ್ಳಲಿ. ಆ ಸಿನಿಮಾ ನಿಂತಿರುವುದೇ ಆ ಮುಖದ ಮೇಲೆ. ನನ್ನ ಗಂಡ ಮುಖ ಊದಿಸಿಕೊಂಡು ಒಪ್ಪಿದರು, ಕತ್ತರಿಸಿದ ತುಂಡುಗಳನ್ನೆಲ್ಲ ತಗಡಿನ ಡಬ್ಬಗಳಲ್ಲಿ ತುಂಬಿ ಅಟ್ಟಕ್ಕೆ ಹಾಕಿದರು.

ಆ ಡಬ್ಬಗಳು ಅಟ್ಟದಿಂದ ಇಳಿದದ್ದು ಅವರ ಕೂದಲು ಪೂರ್ತಿ ಬೆಳ್ಳಗಾದ ಮೇಲೆ. ಸಿನಿಮಾದ ಹಕ್ಕು ಇದ್ದ ಕಂಪನಿಯವರು ಬಂದು, ಹಳೆಯ ಚಿತ್ರವನ್ನು ತೊಳೆದು ಬೆಳಗಿ ಹೊಸದಾಗಿ ಬಿಡುಗಡೆ ಮಾಡುತ್ತೇವೆ, ನಿಮಗೇನಾದರೂ ಸೇರಿಸುವುದಿದ್ದರೆ ಸೇರಿಸಿ ಎಂದರಂತೆ. ಹಸಿದವನಿಗೆ ಎಲೆ ಹಾಸಿ ಬಡಿಸಿದ ಹಾಗಾಯಿತು. ನನಗೆ ಒಂದು ಮಾತೂ ಹೇಳದೆ ಸ್ಟುಡಿಯೋದಲ್ಲಿ ಕೂತು, ಅತ್ತೆ ಎದ್ದ ಜಾಗಗಳನ್ನೆಲ್ಲ ಒಂದೂ ಬಿಡದೆ ತಿರುಗಿ ತುಂಬಿಸಿದರು. 'ಪೂರ್ಣ ಆವೃತ್ತಿ' ಎಂದು ಹೆಸರಿಟ್ಟರು. ಇನ್ನು ಮುಂದೆ ಇದೊಂದೇ ತೋರಿಸಬೇಕು, ಹಳೆಯದನ್ನು ಎಲ್ಲಿಯೂ ಹಾಕಕೂಡದು ಎಂದು ಕಂಪನಿಯವರಿಂದ ಮಾತು ತೆಗೆದುಕೊಂಡರು. ಎಲ್ಲಾ ಮುಗಿದ ಮೇಲೆ ಟೀ ಕುಡಿಯುತ್ತಾ ನನಗೆ ತಿಳಿಸಿದರು.

ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತು. ಸುದ್ದಿಚಿತ್ರಗಳನ್ನು ಯಾರೂ ಎತ್ತಿಡುವುದಿಲ್ಲ, ವಾರ ಕಳೆದರೆ ಕಸ. ಆಮೇಲೆ ಮಕ್ಕಳು, ಮನೆ. ಗಂಡನ ಉಳಿದ ಸಿನಿಮಾಗಳಿಗೆ ಅವರ ಮಾತಿಗೆ ತಲೆಯಾಡಿಸುವವರೇ ಸಂಕಲನಕಾರರು. ನನ್ನ ಕೈ ಏನು ಮಾಡಬಲ್ಲದು ಎನ್ನುವುದಕ್ಕೆ ಈ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಅದೊಂದೇ. ಅದನ್ನೂ ಬೀಗ ಹಾಕಿ ಒಳಗಿಟ್ಟರೆ ನಾನು ಕೆಲಸವನ್ನೇ ಮಾಡಿರಲಿಲ್ಲ ಎಂದ ಹಾಗಾಯಿತಲ್ಲ?

"ಅದು ನಿನ್ನ ಸಿನಿಮಾ ಆಗಿತ್ತು. ಇದು ನಂದು" ಎಂದರು.

"ಹೌದೌದು, ನೋಡಿದ್ರೆ ಗೊತ್ತಾಗುತ್ತೆ ಬಿಡಿ" ಎಂದೆ. ಆಮೇಲೆ ಎಷ್ಟೋ ದಿನ ನಮ್ಮಿಬ್ಬರ ನಡುವೆ ಮಾತಿಲ್ಲ, ಕಥೆಯಿಲ್ಲ. ಅತ್ತೆಯೇ ಅಂಚೆಯವರಾದರು.

ಸುದ್ದಿ ಹೊರಗೆ ಬಿದ್ದದ್ದೇ ತಡ, ಅಭಿಮಾನಿಗಳು ನಮ್ಮ ಬಾಗಿಲಿಗೆ ಬಂದರು. 'ಹಳೇದೇ ಬೇಕು' ಎನ್ನುವುದೇ ಅವರ ಸಂಘದ ಹೆಸರು. ಮುಂದಾಳು ಒಬ್ಬ ದರ್ಜಿ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಅಂಗಡಿಯಿಂದ ನೇರ ಬಂದಿದ್ದಳು. ಪಕ್ಕದಲ್ಲಿ ಅವಳ ಅಪ್ಪ, ಬಸ್ ಓಡಿಸಿ ನಿವೃತ್ತನಾದವನು. ಹಿಂದೆ ಮೆಟ್ಟಿಲ ತುಂಬ ಜನ.

"ಸರ್, ಹೊಸದನ್ನ ನೀವು ಹತ್ತು ಮಾಡಿ, ನಾವು ಬೇಡ ಅನ್ನಲ್ಲ. ಆದ್ರೆ ನಾವು ನೋಡಿದ್ದನ್ನ ನಮಗೆ ಕೊಟ್ಬಿಡಿ" ಎಂದಳು ದರ್ಜಿ.

"ನಾನು ಮನಸ್ಸಲ್ಲಿ ಕಂಡಿದ್ದೇ ಅಸಲು ಕಣಮ್ಮಾ. ನೀವು ನೋಡಿದ್ದು ಅದರ ಅರ್ಧ!"

"ಆ ಅರ್ಧನೇ ಸರ್ ನಾವು ಪ್ರೀತಿಸಿದ್ದು. ಆ ಮಗಳು ಬಸ್ಸಿಂದ ಇಳಿದಿದಾಳೆ ಅಂತ ನಾನು, ಇಳಿದಿಲ್ಲ ಅಂತ ನಮ್ಮಪ್ಪ. ಇವತ್ತಿಗೂ ಊಟಕ್ಕೆ ಕೂತ್ರೆ ಇದೇ ಜಗಳ. ನೀವು ಅವಳನ್ನ ಇಳಿಸಿಬಿಟ್ರೆ ನಮ್ಮನೇಲಿ ಮಾತಾಡೋಕೇನು ಉಳಿಯುತ್ತೆ?"

"ಇಳಿದಿಲ್ಲ. ಬಾಗಿಲು ತೆಗೆದಾಗ ಬಸ್ಸು ಒಂಚೂರೂ ಅಲುಗಾಡಲ್ಲ. ಯಾರಾದ್ರೂ ಮೆಟ್ಟಿಲಿಗೆ ಬಂದಿದ್ರೆ ಅಲುಗಾಡ್ತಿತ್ತು. ನಾನು ಬಸ್ ಓಡಿಸಿದೋನು" ಎಂದ ಅಪ್ಪ.

ನನ್ನ ಎದೆ ಉಬ್ಬಿತು. ಒಳಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ, ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ನಾನು ಕತ್ತರಿ ಇಟ್ಟ ಒಂದು ಜಾಗ ಯಾವುದೋ ಮನೆಯ ಊಟದ ಮೇಜಿನ ಮೇಲೆ ಇಷ್ಟು ವರ್ಷ ಬದುಕಿದೆಯಲ್ಲ ಎನಿಸಿತು. ನನ್ನ ಗಂಡನಿಗೆ ಮಾತ್ರ ಅದು ಗಾಯದ ಮೇಲೆ ಉಪ್ಪು ಸುರಿದ ಹಾಗಾಯಿತು. "ನೋಡಿ ಆಮೇಲೆ ಮಾತಾಡಿ" ಎಂದು ಬಾಗಿಲು ಹಾಕಿಕೊಂಡರು.

ಪೂರ್ಣ ಆವೃತ್ತಿಯ ಮೊದಲ ಪ್ರದರ್ಶನಕ್ಕೆ ಚಿತ್ರಮಂದಿರ ತುಂಬಿತ್ತು. ಹಳೇದೇ ಬೇಕು ಎನ್ನುವವರೆಲ್ಲ ಟಿಕೆಟ್ ಕೊಂಡು, ಒಂದು ಕೂಗಿಲ್ಲ, ಗಲಾಟೆಯಿಲ್ಲ, ಮರ್ಯಾದೆಯಿಂದ ಕೂತರು. ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ನನ್ನ ಗಂಡ ಪಕ್ಕದ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಕಣ್ಣು ಪರದೆಯ ಮೇಲಿರಲಿಲ್ಲ, ಜನರ ಮೇಲಿತ್ತು.

ಅತ್ತೆ ಆಗಾಗ ಏಳಲು ಹೋದರು, ನಾನು ಸೆರಗು ಹಿಡಿದು ಕೂರಿಸಿದೆ. ಗಂಡನ ಮೇಲೆ ಎಷ್ಟೇ ಸಿಟ್ಟಿದ್ದರೂ ತುಂಬಿದ ಸಭೆಯಲ್ಲಿ ಅವರ ಮಾನ ಕಳೆಯುವುದು ನನಗೆ ಬೇಕಿರಲಿಲ್ಲ. ಬಸ್ಸು ಬಂದಿತು, ಬಾಗಿಲು ತೆರೆಯಿತು, ಅಪ್ಪನ ಮುಖ ಕಂಡಿತು. ಚಿತ್ರಮಂದಿರ ಉಸಿರು ಬಿಗಿಹಿಡಿಯಿತು. ಆಮೇಲೆ ಮಗಳು ಇಳಿದಳು, ಶುರುಮಾಡಿದಳು. ಯಾರೋ ಕೆಮ್ಮಿದರು, ಇನ್ಯಾರೋ ಚೀಲ ಹುಡುಕಿದರು. ಅತ್ತೆ ನನ್ನ ಕೈ ಕೊಡವಿಕೊಂಡು ಎದ್ದು ನಿಂತು, ಇಡೀ ಸಭೆಗೆ ಕೇಳುವ ಹಾಗೆ, "ಒಲೆ ಮೇಲೆ ಹಾಲಿಟ್ಟಿದೀನಿ" ಎಂದರು. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಮತ್ತೆ ಒಬ್ಬೊಬ್ಬರಾಗಿ ಏಳತೊಡಗಿದರು. ಯಾರೂ ಬೈಯಲಿಲ್ಲ. ಮದುವೆಮನೆಯಲ್ಲಿ ಊಟ ಮುಗಿದ ಮೇಲೆ ಏಳುತ್ತಾರಲ್ಲ, ಹಾಗೆ ಎದ್ದರು. ದರ್ಜಿ ಮಾತ್ರ ಕೊನೆಯವರೆಗೂ ಕೂತಿದ್ದಳು. ಅವಳ ಅಪ್ಪ ಅವಳ ಕಡೆ ತಿರುಗಿ, "ಇಳಿದ್ಲಲ್ಲಮ್ಮ, ನೀನೇ ಗೆದ್ದೆ" ಎಂದ. ಅವಳು ಗೆದ್ದವಳ ಹಾಗೆ ಕಾಣಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಗಂಡ ಶೂ ಬಿಚ್ಚದೆ ಹಜಾರದಲ್ಲಿ ಕೂತುಬಿಟ್ಟರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಜೀವಮಾನವೆಲ್ಲ ತನ್ನದಲ್ಲದ ಹದಕ್ಕೆ ಹೊಗಳಿಸಿಕೊಂಡ ಮನುಷ್ಯ, ತನ್ನದನ್ನು ಒಂದು ಸಲ ಜನರ ಮುಂದಿಟ್ಟರೆ ಜನ ಎದ್ದುಹೋದರು. ಪಾಪ ಎನಿಸಿತು.

"ಅಮ್ಮಾ, ಅವತ್ತು ನಿಂಗೆ ನಿಜವಾಗ್ಲೂ ಬೇಜಾರಾಗ್ತಿತ್ತಾ? ಇಲ್ಲಾ ಸೊಸೆ ಕಡೆ ಸೇರ್ಕೊಂಡು ಏಳ್ತಿದ್ಯಾ?" ಎಂದು ತಾಯಿಯನ್ನು ಕೇಳಿದರು.

"ಸೊಸೆ ಕಡೆ ಸೇರೋ ಅತ್ತೆನ ಎಲ್ಲಾದ್ರೂ ನೋಡಿದೀಯೇನೋ?" ಎಂದರು ಅತ್ತೆ. "ನೀನು ಚಿಕ್ಕೋನಿದ್ದಾಗಿಂದ ಹಾಗೇ ಕಣೋ. ಶುರು ಚೆನ್ನಾಗಿ ಮಾಡ್ತೀಯ, ನಿಲ್ಲಿಸೋಕೆ ಬರಲ್ಲ. ಅವಳಿಗೆ ಬರುತ್ತೆ. ಎಲ್ಲಿ ಸುತ್ತಿ ಬಂದ್ರೂ ಹಳೇ ಗಂಡನ ಪಾದವೇ ಗತಿ ಅಂತಾರಲ್ಲ, ನಿನ್ನ ಸಿನಿಮಾಕ್ಕೆ ಹಳೇ ಕತ್ತರಿನೇ ಗತಿ. ಹೋಗು, ಶೂ ಬಿಚ್ಚು."

ಅವರು ಶೂ ಬಿಚ್ಚಿದರು. ಬೆಳಗ್ಗೆ ಕಂಪನಿಗೆ ಫೋನ್ ಮಾಡಿ, ಹಳೆಯದನ್ನೇ ಬಿಡುಗಡೆ ಮಾಡಿ ಎಂದರು. ಆಗ ಹೊಸ ತಲೆನೋವು ಎದ್ದಿತು. ಪೂರ್ಣ ಆವೃತ್ತಿ ಮಾಡುವಾಗ ಮೂಲದ ನೆಗೆಟಿವನ್ನೇ ಬಿಚ್ಚಿ, ನಡುನಡುವೆ ತುಂಡುಗಳನ್ನು ಸೇರಿಸಿದ್ದರು. ಹಳೆಯದು ಹಳೆಯದಾಗಿ ಎಲ್ಲಿಯೂ ಉಳಿದಿರಲಿಲ್ಲ. ದರ್ಜಿಯ ಸಂಘದವರು ಮುಚ್ಚಿಹೋದ ಚಿತ್ರಮಂದಿರದಿಂದ ಉಳಿಸಿಟ್ಟಿದ್ದ ಒಂದು ಪ್ರತಿ ಇತ್ತು, ಮೈತುಂಬ ಗೀರು. ಜನರಿಗೆ ತೋರಿಸಲು ಬಾರದು, ಪಕ್ಕದಲ್ಲಿಟ್ಟುಕೊಂಡು ಹೋಲಿಸಲು ಬಂದೀತು. ಅದನ್ನು ನೋಡಿಕೊಂಡು ಯಾರಾದರೂ ಕೂತು, ಸೇರಿಸಿದ್ದನ್ನು ತಿರುಗಿ ಕತ್ತರಿಸಬೇಕು.

"ನೀನೇ ಮಾಡ್ಬೇಕು" ಎಂದರು ನನ್ನ ಗಂಡ.

"ಕೇಳಿದ ಧಾಟಿ ಸರಿಯಿಲ್ಲ. ಇನ್ನೊಂದ್ಸಲ ಕೇಳಿ."

"ಮಾಡಿಕೊಡ್ತೀಯಾ?"

"ಅದು ಮಾತು" ಎಂದು ಕನ್ನಡಕ ಒರೆಸಿಕೊಂಡೆ.

ಸ್ಟುಡಿಯೋದಲ್ಲಿ ಈಗ ಕತ್ತರಿಯಿಲ್ಲ, ಟೇಪಿಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ್ದರು. ಅದರ ಮುಂದೆ ಕೂರುವ ಹೆಂಗಸು ಮೂಗುಮುರಿಯುವವಳಲ್ಲ, ನಾನು "ಇಲ್ಲಿ" ಎಂದರೆ ಅಲ್ಲಿಯೇ ನಿಲ್ಲಿಸುತ್ತಿದ್ದಳು. ಮೊದಲ ದಿನ ಬೆರಳು ಗಾಳಿಯಲ್ಲೇ ಕತ್ತರಿ ಹುಡುಕಿದವು. ಎರಡನೆಯ ದಿನಕ್ಕೆ ಹುಡುಕುವುದು ಬಿಟ್ಟವು. ಕೈ ಮರೆತರೂ ಕಣ್ಣು ಮರೆತಿರಲಿಲ್ಲ. ಗೀರುಬಿದ್ದ ಪ್ರತಿಯನ್ನು ನೋಡುವ ಮೊದಲೇ, "ಇಲ್ಲಿ" ಎನ್ನುತ್ತಿದ್ದೆ. ಆಮೇಲೆ ಹೋಲಿಸಿದರೆ ಅದೇ ಫ್ರೇಮು. ಹಿಂದಿನ ಬೆಂಚಿನ ಮೇಲೆ ಕೂತ ನನ್ನ ಗಂಡ ಸುಮ್ಮನೆ ನೋಡುತ್ತಿದ್ದರು. ಅವರ ಬಾಯಿಂದ ಸದ್ದು ಬಾರದ್ದನ್ನು ನಾನು ಕಂಡದ್ದು ಅದೇ ಮೊದಲು.

ನಡುವೆ ಅಪ್ಪ ಟೀ ಕುಡಿಯುವ ದೃಶ್ಯ ಬಂತು. ಒಂದು ಶಾಟಿನಲ್ಲಿ ಲೋಟ ಅವನ ಬಲಗೈಯಲ್ಲಿದೆ, ಮರುಶಾಟಿನಲ್ಲಿ ಎಡಗೈಯಲ್ಲಿ. ಅವತ್ತು ಬೇರೆ ಶಾಟು ಇರಲಿಲ್ಲ, ವಿಧಿಯಿಲ್ಲದೆ ಹಾಗೆ ಜೋಡಿಸಿದ್ದೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

"ಇದನ್ನ ಸರಿ ಮಾಡೋಕಾಗುತ್ತಾ?" ಎಂದೆ.

"ಧಾರಾಳವಾಗಿ. ಚಿತ್ರದ ಎಡಬಲ ಉಲ್ಟಾ ಮಾಡಿದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ" ಎಂದಳು ಕಂಪ್ಯೂಟರಿನವಳು.

ಅವತ್ತು ಪ್ರತಿಯ ಜೊತೆ ಬಂದು ಕೂತಿದ್ದ ದರ್ಜಿ ದಡಕ್ಕನೆ ಎದ್ದಳು. "ಅಯ್ಯೋ ಬೇಡಮ್ಮಾ! ಆ ಲೋಟ ಕೈ ಬದಲಾಯಿಸುವಾಗ ಚಿತ್ರಮಂದಿರ ಪೂರ್ತಿ 'ಎಡಗೈ' ಅಂತ ಕೂಗ್ತೀವಿ ನಾವು. ಅದನ್ನ ಸರಿ ಮಾಡಿಬಿಟ್ರೆ ಅದು ನಮ್ಮ ಸಿನಿಮಾನೇ ಅಲ್ಲ."

"ಅದು ತಪ್ಪು ಕಣೇ!"

"ಇರಬಹುದು. ನೀವು ಒಮ್ಮೆ ಬಿಟ್ಕೊಟ್ಟಿದ್ದು. ಈಗ ಅದು ನಮ್ದು."

ಬೆಂಚಿನ ಮೇಲೆ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಈಗ ಗೊತ್ತಾಯ್ತಾ ನಿಂಗೆ? ಕೈ ಕೆರೆಯುತ್ತೆ ಅಲ್ವಾ? ಸರಿ ಮಾಡ್ಬಿಡೋಣ ಅನ್ಸುತ್ತೆ ಅಲ್ವಾ?" ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಹೇಳಿದ್ದು ಸತ್ಯ. ಇಬ್ಬರಿಗೂ ಒಂದೇ ರೋಗ, ನನಗೆ ಸ್ವಲ್ಪ ಕಡಿಮೆ. ಲೋಟವನ್ನು ಎಡಗೈಯಲ್ಲೇ ಬಿಟ್ಟೆ.

ಎಲ್ಲಾ ಮುಗಿದು ಉಳಿದದ್ದು ಆರಂಭದ ಹೆಸರುಗಳು. ಅಲ್ಲಿ ದೊಡ್ಡ ಅಕ್ಷರದಲ್ಲಿ 'ಸಂಕಲನ' ಎಂದಿದೆ, ಕೆಳಗೆ ನನ್ನ ಗಂಡನ ಹೆಸರು. ಮೊದಲಿನ ಸಂಕಲನಕಾರ ಬಿಟ್ಟುಹೋದ ಸಿಟ್ಟಿಗೆ ಅವರು ತಮ್ಮ ಹೆಸರನ್ನೇ ಬರೆಸಿ ಚಿತ್ರೀಕರಿಸಿಬಿಟ್ಟಿದ್ದರು. ನಾನು ಮೇಜಿಗೆ ಕೂತದ್ದು ಆಮೇಲೆ, ಅದನ್ನು ಬದಲಾಯಿಸುವ ಮಾತು ಯಾರೂ ಎತ್ತಲಿಲ್ಲ. ಆ ಫಲಕ ಪರದೆಯ ಮೇಲೆ ನಿಂತಿರುವಾಗ ನನ್ನ ಗಂಡ ಎದ್ದು ಬಂದರು.

"ಇದೊಂದನ್ನ ಬದಲಾಯಿಸೋಣ. ಇವಳ ಹೆಸರು ಹಾಕಿ" ಎಂದು ಕಂಪ್ಯೂಟರಿನವಳಿಗೆ ಹೇಳಿದರು.

ನಾನು ದರ್ಜಿಯ ಕಡೆ ನೋಡಿದೆ. ಅವಳ ಮುಖ ಅಳುವ ಹಾಗಾಗಿತ್ತು. ಬೇಡ ಎನ್ನಲಾರಳು, ಬೇಕು ಎನ್ನಲೂ ಆರಳು. ಒಂದಕ್ಷರ ಬದಲಾದರೂ ಅಸಲು ಅಲ್ಲ ಎಂದು ಇಷ್ಟು ದಿನ ಕೂಗಿದವಳು. "ನೀವು ಹೇಗೆ ಹೇಳಿದ್ರೆ ಹಾಗಮ್ಮಾ. ಈ ಒಂದಕ್ಕೆ ನಾವ್ಯಾರೂ ತಕರಾರು ಮಾಡಲ್ಲ" ಎಂದಳು.

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಅಕ್ಷರಗಳ ಜಾಗದಲ್ಲಿ ನನ್ನ ಹೆಸರನ್ನು ಕಣ್ಣಲ್ಲೇ ಬರೆದು ನೋಡಿದೆ. ಚೆನ್ನಾಗಿಯೇ ಕಂಡಿತು. ಆದರೆ ಆ ಫಲಕ ಎಷ್ಟು ಹೊತ್ತು ನಿಲ್ಲಬೇಕು, ಅದರ ಹಿಂದಿನ ಬಸ್ಸಿನ ಸದ್ದು ಎಲ್ಲಿ ಶುರುವಾಗಬೇಕು ಎಂದು ಅಳೆದು ಜೋಡಿಸಿದವಳೂ ನಾನೇ ತಾನೆ? ಅಲ್ಲಿಂದಲೇ ನನ್ನ ಕೆಲಸ ಶುರುವಾಗುವುದು.

"ಮುಟ್ಟಬೇಡಿ. ನನ್ನ ಕೆಲಸಕ್ಕೆ ಯಾರೂ ಕೈ ಹಾಕೋದು ಬೇಡ, ನನ್ನ ಹೆಸರು ಹಿಡ್ಕೊಂಡು ಬಂದ್ರೂ ಬೇಡ" ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಗಂಡನ ಕಡೆ ತಿರುಗಿ, "ನಿಮಗೆ ಅಷ್ಟು ಹೇಳ್ಬೇಕು ಅಂತಿದ್ರೆ ಬಾಯಿಲ್ವಾ? ಎದ್ದು ನಿಂತು ಹೇಳಿ" ಎಂದೆ.

ಹಳೆಯ ಸಿನಿಮಾ ಬಿಡುಗಡೆಯಾದ ದಿನ ಅವರು ಪರದೆಯ ಮುಂದೆ ನಿಂತರು. ಭಾಷಣ ಬರೆದುಕೊಂಡಿರಲಿಲ್ಲ. "ಈ ಸಿನಿಮಾದಲ್ಲಿ ಒಂದೇ ಒಂದು ಸುಳ್ಳಿದೆ. ಅದು ಶುರುವಿನಲ್ಲೇ ಬರುತ್ತೆ. 'ಸಂಕಲನ' ಅಂತ ಬಂದಾಗ ಕೆಳಗಿರೋ ಹೆಸರನ್ನ ನಂಬಬೇಡಿ. ಕತ್ತರಿಸಿದವಳು ನನ್ನ ಹೆಂಡತಿ, ಇಲ್ಲೇ ಮೊದಲನೇ ಸಾಲಲ್ಲಿದಾಳೆ" ಎಂದು ನನ್ನ ಹೆಸರು ಹೇಳಿದರು. ಹೇಳಿ ಕೆಳಗಿಳಿದು ನನ್ನ ಪಕ್ಕದಲ್ಲಿ ಕೂತರು. ಅಷ್ಟು ಚಿಕ್ಕದಾಗಿ ಅವರು ಮಾತಾಡಿದ್ದು ನನಗೆ ನೆನಪಿಲ್ಲ.

ದೀಪ ಆರಿತು. ಹೆಸರುಗಳು ಒಂದೊಂದಾಗಿ ಬಂದವು. 'ಸಂಕಲನ' ಎಂದು ಬಂತು, ಕೆಳಗೆ ಅವರ ಹೆಸರು, ಇದ್ದ ಹಾಗೆಯೇ. ಹಿಂದಿನಿಂದ ಬಸ್ ಓಡಿಸುತ್ತಿದ್ದವನ ಒರಟು ದನಿ ಗಟ್ಟಿಯಾಗಿ ನನ್ನ ಹೆಸರು ಕೂಗಿತು. ಅದರ ಹಿಂದೆಯೇ ದರ್ಜಿ, ಅವಳ ಹಿಂದೆ ಸಾಲುಸಾಲು, ಬಾಲ್ಕನಿ, ಬಾಗಿಲ ಬಳಿ ನಿಂತವರು. ಚಿತ್ರಮಂದಿರಕ್ಕೆ ಚಿತ್ರಮಂದಿರವೇ ನನ್ನ ಹೆಸರು ಕೂಗಿತು. ಪರದೆಯ ಮೇಲೆ ಒಂದಕ್ಷರವೂ ಬದಲಾಗಿರಲಿಲ್ಲ. ಅತ್ತೆ ನನ್ನ ಕೈ ಹಿಡಿದುಕೊಂಡರು, ಮಗ ಅಳುವುದನ್ನು ಕಂಡೂ ಕಾಣದವರ ಹಾಗೆ ಪರದೆಯನ್ನೇ ನೋಡಿದರು.

ಈಗ ಆ ಸಿನಿಮಾ ಎಲ್ಲಿ ಹಾಕಿದರೂ ಹಾಗೇ ಆಗುತ್ತದಂತೆ. ನಾನು ಕಂಡೇ ಇರದ ಊರುಗಳಲ್ಲಿ, ನಾನು ಯಾರೆಂದು ತಿಳಿಯದ ಮಕ್ಕಳು ಸಹ ಆ ಫಲಕ ಬಂದಾಗ ಕೂಗುತ್ತಾರಂತೆ. ನಮ್ಮ ಊರಲ್ಲಿ ಹಾಕಿದಾಗ ನಾವು ಮೂವರೂ ಹೋಗುತ್ತೇವೆ. ಎಲ್ಲರಿಗಿಂತ ಜೋರಾಗಿ ಕೂಗುವವರು ನನ್ನ ಗಂಡ. ಎಲ್ಲರೂ ಕೂಗಿ ನಿಲ್ಲಿಸಿದ ಮೇಲೂ, ಮುಂದಿನ ಹೆಸರು ಬಂದ ಮೇಲೂ, ಅವರು ಇನ್ನೊಂದು ಸಲ ಒಬ್ಬರೇ ಕೂಗುತ್ತಾರೆ. ಅದು ಹೆಚ್ಚಾಯಿತೆಂದು ನನಗೆ ಗೊತ್ತು. ಇರಲಿ ಬಿಡಿ, ಅದನ್ನು ನಾನು ಕತ್ತರಿಸುವುದಿಲ್ಲ.